ವರ್ಷ ದಾಟುವ ಸ್ನ್ಯಾಪ್‌ಡ್ರ್ಯಾಗನ್ ಯಾವುದು? ಬೆಳೆಸಿ ನೋಡಿದ ಐದು ಬಗೆಗಳ ಹೋಲಿಕೆ

ಸ್ನ್ಯಾಪ್‌ಡ್ರ್ಯಾಗನ್ ಒಂದು ಸೀಸನ್ ಅರಳಿ ಮುಗಿಯುವ ಹೂ ಅಂತಲೇ ಹೆಚ್ಚಿನವರು ನಂಬಿದ್ದಾರೆ. ಹೂ ಕಡಿಮೆಯಾದ ಕೂಡಲೇ ಗಿಡ ಕಿತ್ತು ಕಾಂಪೋಸ್ಟ್ ಗುಂಡಿಗೆ ಹಾಕುತ್ತಾರೆ. ನಿಜಕ್ಕೂ ಇದು ಬಹುವಾರ್ಷಿಕ ಗಿಡ. ಆಯಸ್ಸು ಕಡಿಮೆ, ಎರಡು ಮೂರು ವರ್ಷ. ಜಾಗ ಒಗ್ಗಿದರೆ ಇನ್ನೂ ಸ್ವಲ್ಪ ಜಾಸ್ತಿ. ಇದೇ ಕುಲದಲ್ಲಿ ಗಟ್ಟಿಮುಟ್ಟಾದ ಕಾಡು ಜಾತಿಗಳೂ ಇವೆ. ಯಾವುದು ವರ್ಷ ದಾಟುತ್ತದೆ, ದಾಟಿದ ಮೇಲೂ ನೋಡುವಂತಿರುತ್ತದೆ ಅಂತ ತಿಳಿಯಲು ಐದು ಬಗೆಗಳನ್ನು ಅಕ್ಕಪಕ್ಕ ಬೆಳೆಸಿದೆ. ಕೆಲವನ್ನು ಸಮತಟ್ಟು ಪಾತಿಯಲ್ಲಿ, ಕೆಲವನ್ನು ಎತ್ತರಿಸಿದ ಮಡಿಯಲ್ಲಿ, ಉಳಿದವನ್ನು ಕುಂಡದಲ್ಲಿ ಮತ್ತು ಕಲ್ಲುಕಟ್ಟೆಯ ಸಂದಿಯಲ್ಲಿ ಇಟ್ಟೆ.

ನನ್ನ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹೂವೇ ಮುಖ್ಯ ಅನ್ನುವವರಿಗೆ ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಸ್ನ್ಯಾಪ್‌ಡ್ರ್ಯಾಗನ್ನೇ ಗೆಲ್ಲುತ್ತದೆ. ಆದರೆ ಅದನ್ನು ಕತ್ತರಿಸಬೇಕು, ಕಟಿಂಗ್ ಮಾಡಿ ಹೊಸದು ಮಾಡಿಕೊಳ್ಳುತ್ತಿರಬೇಕು. ನೆಟ್ಟು ಸುಮ್ನೆ ಬಿಡುತ್ತೇನೆ ಅನ್ನುವವರಿಗೆ ಕಾಡು ಜಾತಿಗಳೇ ವಾಸಿ.

ಸಾಮಾನ್ಯ ಜಾತಿ ಅಂದರೆ ಆಂಟಿರೈನಮ್ ಮೇಜಸ್. ಇದರ ತವರು ನೈಋತ್ಯ ಯುರೋಪ್. ಅಲ್ಲಿ ಬಂಡೆಗಳ ನಡುವೆ, ಹಳೇ ಗೋಡೆಗಳ ಬಿರುಕಿನಲ್ಲಿ ತಾನೇ ಹುಟ್ಟಿ ಬೆಳೆಯುತ್ತದೆ. ಈ ಗಿಡವನ್ನು ಅರ್ಥ ಮಾಡಿಕೊಳ್ಳಲು ಇಷ್ಟು ತಿಳಿದರೆ ಸಾಕು. ಗೋಡೆಯ ಬಿರುಕಿನಲ್ಲಿ ಮಣ್ಣು ಕಡಿಮೆ, ಗೊಬ್ಬರ ಇಲ್ಲವೇ ಇಲ್ಲ, ನೀರು ನಿಲ್ಲುವ ಮಾತೇ ಇಲ್ಲ. ತೋಟದಲ್ಲಿ ನಾವು ಕೊಡುವುದು ಇದಕ್ಕೆ ಪೂರ್ತಿ ಉಲ್ಟಾ! ಒಂದೇ ತಳಿಯ ಸಸಿಗಳನ್ನು ಸಮತಟ್ಟು ಪಾತಿಯಲ್ಲೂ ಎತ್ತರದ ಮಡಿಯಲ್ಲೂ ನೆಟ್ಟಾಗ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಂಡಿತು. ಪಾತಿಯಲ್ಲಿದ್ದವು ಮೊದಲ ವರ್ಷ ಜೋರಾಗಿ ಬೆಳೆದವು. ಮಳೆ ಹಿಡಿದಾಗ ಬುಡ ಕೊಳೆತು ಒಂದೊಂದಾಗಿ ಹೋದವು. ಮಡಿಯಲ್ಲಿ ಮಣ್ಣಿಗೆ ದಪ್ಪ ಮರಳು ಮತ್ತು ಸಣ್ಣ ಜಲ್ಲಿ ಬೆರೆಸಿದ್ದೆ. ಅಲ್ಲಿನವು ಸ್ವಲ್ಪ ಕುಳ್ಳಾದವು, ಆದರೆ ಬುಡ ಕಟ್ಟಿಗೆಯಂತೆ ಗಟ್ಟಿಯಾಯಿತು. ಎರಡನೇ ವರ್ಷ ಬುಡದಿಂದಲೇ ಹೊಸ ಚಿಗುರು ಬಂತು. ಹಾಗಾಗಿ ತಳಿ ಆರಿಸುವ ಮೊದಲು ಜಾಗ ಆರಿಸಿ ಅಂತಲೇ ನಾನು ಹೇಳುವುದು.

ಸಾಮಾನ್ಯ ಜಾತಿಯ ಒಳಗೂ ತಳಿಯಿಂದ ತಳಿಗೆ ವ್ಯತ್ಯಾಸ ಇದೆ. ಮಾಂಟೆಗೊದಂಥ ಕುಳ್ಳ ತಳಿಗಳು 20ರಿಂದ 25 ಸೆಂಟಿಮೀಟರ್‌ ಎತ್ತರ ಬೆಳೆಯುತ್ತವೆ. ಬೇಗ ಹೂ ಬಿಡುತ್ತವೆ, ಒಟ್ಟಿಗೇ ಬಿಡುತ್ತವೆ, ಕುಂಡದಲ್ಲಿ ನೋಡಲು ಬಲು ಚೆಂದ. ವರ್ಷ ದಾಟಿಸುವ ವಿಷಯದಲ್ಲಿ ನನ್ನ ಬಳಿ ಇವೇ ಎಲ್ಲಕ್ಕಿಂತ ಹಿಂದೆ ಬಿದ್ದವು. ರಾಕೆಟ್‌ನಂಥ ಎತ್ತರದ ತಳಿಗಳು 75ರಿಂದ 90 ಸೆಂಟಿಮೀಟರ್ ಏರುತ್ತವೆ. ಹೂದಾನಿಗೆ ಇವಕ್ಕೆ ಸಾಟಿ ಇಲ್ಲ. ಆದರೆ ಕೋಲು ಕಟ್ಟದಿದ್ದರೆ ಗಾಳಿಗೆ ಬುಡವೇ ಸೀಳುತ್ತದೆ, ಸೀಳಿದ ಬುಡ ಮುಂದಿನ ವರ್ಷಕ್ಕೆ ಉಳಿಯುವುದು ಕಷ್ಟ. ಮಧ್ಯಮ ಎತ್ತರದ ಸಾನೆಟ್ ನನಗೆ ಎಲ್ಲಕ್ಕಿಂತ ಹಿಡಿಸಿತು. 45ರಿಂದ 60 ಸೆಂಟಿಮೀಟರ್, ಬುಡದಿಂದ ಹಲವು ಕವಲು, ಕೋಲಿನ ಹಂಗಿಲ್ಲ. ಮೇಡಮ್ ಬಟರ್‌ಫ್ಲೈ ಅನ್ನುವ ಜೋಡಿ ಎಸಳಿನ ತಳಿ ಚೆಂದವೇನೋ ಹೌದು. ಆದರೆ ಅದರ ಹೂವಿಗೆ ಬಾಯಿಯೇ ಇಲ್ಲ. ಕೆನ್ನೆ ಒತ್ತಿದರೆ ಬಾಯಿ ಬಿಡದ ಸ್ನ್ಯಾಪ್‌ಡ್ರ್ಯಾಗನ್ ಮಕ್ಕಳಿಗೆ ಬೇಡ, ನನಗೂ ಬೇಡ. ಮುಚ್ಚಿದ ಬಾಯಿಯನ್ನು ತನ್ನ ಭಾರದಿಂದ ತೆರೆದು ದಪ್ಪ ದುಂಬಿ ಒಳಗೆ ನುಗ್ಗುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಅಲ್ವಾ?

ಇದನ್ನು ಉಳಿಸಿಕೊಳ್ಳುವ ಕೆಲಸ ದೊಡ್ಡದೇನಲ್ಲ. ಸಸಿ 8ರಿಂದ 10 ಸೆಂಟಿಮೀಟರ್ ಆದಾಗ ಕುಡಿ ಚಿವುಟಬೇಕು. ಬಾಡಿದ ತೆನೆಗಳನ್ನು ಕಾಯಿ ಕಟ್ಟುವ ಮೊದಲೇ ತೆಗೆಯಬೇಕು, ಇಲ್ಲವಾದರೆ ಗಿಡದ ಶಕ್ತಿಯೆಲ್ಲ ಬೀಜಕ್ಕೆ ಹೋಗುತ್ತದೆ. ಮೊದಲ ಸುತ್ತಿನ ಹೂ ಮುಗಿದ ಮೇಲೆ ಗಿಡವನ್ನು ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಬೇಕು. ಕೆಳಗೆ ಹಸಿರು ಚಿಗುರು ಇರುವ ಜಾಗದ ಮೇಲೆ ಕತ್ತರಿಸುವುದು ಮುಖ್ಯ. ಎಲೆಯೇ ಇಲ್ಲದ ಬೋಳು ಕಾಂಡಕ್ಕೆ ಕತ್ತರಿಸಿದರೆ ಎಷ್ಟೋ ಸಲ ಮತ್ತೆ ಚಿಗುರುವುದಿಲ್ಲ. ಒಂದು ಹಿಡಿ ಎರೆಗೊಬ್ಬರ, ಒಂದು ಸಲ ನೀರು. ಹವೆ ತಂಪಾಗಿದ್ದರೆ ಮತ್ತೆ ಮೊಗ್ಗು ಬರುತ್ತದೆ.

ಎಷ್ಟು ನೋಡಿಕೊಂಡರೂ ಎರಡು ಮೂರು ವರ್ಷಕ್ಕೆ ತಾಯಿಗಿಡ ಬಡಕಲಾಗುತ್ತದೆ. ಅದಕ್ಕೆ ಕಟಿಂಗ್ ಬೇಕು. ಹೂ ಬಿಡದ ಎಳೇ ಕವಲಿನಿಂದ 7–8 ಸೆಂಟಿಮೀಟರ್ ತುಂಡು ತೆಗೆದು, ಕೆಳಗಿನ ಎಲೆ ಬಿಡಿಸಿ, ಮರಳು ಕೋಕೋಪೀಟ್ ಮಿಶ್ರಣಕ್ಕೆ ಚುಚ್ಚಿ ನೆರಳಿನಲ್ಲಿಟ್ಟರೆ ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಬಣ್ಣ ತಾಯಿಯದ್ದೇ. ಬಿದ್ದ ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಈ ಖಾತ್ರಿ ಇಲ್ಲ, ಅದರಲ್ಲೂ ಎಫ್1 (ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆಯ) ತಳಿಯಾದರೆ ಎತ್ತರ, ಬಣ್ಣ ಎಲ್ಲ ಬೆರಕೆಯಾಗಿ ಬರುತ್ತದೆ.

ಇನ್ನು ಎರಡನೆಯದು, ಆಂಟಿರೈನಮ್ ಬ್ರೌನ್-ಬ್ಲಾಂಕೆಟಿ. ಉತ್ತರ ಸ್ಪೇನ್ ಮತ್ತು ಪೋರ್ಚುಗಲ್ ಕಡೆಯ ಕಾಡು ಜಾತಿ. ಸಸ್ಯವಿಜ್ಞಾನಿ ಜೋಸಿಯಾಸ್ ಬ್ರೌನ್-ಬ್ಲಾಂಕೆ ಅವರ ಹೆಸರು ಇದಕ್ಕೆ. ತಿಳಿಹಳದಿ ಹೂ, ಬೇರೆ ಬಣ್ಣ ಕೇಳಬೇಡಿ. ಬಣ್ಣದ ಆಸೆ ಇರುವವರಿಗೆ ಇದು ಸಪ್ಪೆ ಅನಿಸಬಹುದು. ಆದರೆ ಗಿಡದ ಗಟ್ಟಿತನ ನೋಡಿ ನನಗೆ ಖುಷಿಯಾಯಿತು. ಬುಡ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ ಹೋಯಿತು. ಸಾಮಾನ್ಯ ಜಾತಿಗಿಂತ ಹೆಚ್ಚು ಚಳಿ ತಡೆಯುತ್ತದೆ. ಪಕ್ಕದ ಸಾಲಿಗೆ ತುಕ್ಕು ರೋಗ ಬಂದು ಎಲೆಯಡಿ ಕಂದು ಗುಳ್ಳೆ ತುಂಬಿದಾಗಲೂ ಇದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ ಅಷ್ಟೇ. ಇದರ ಬೀಜ ಉಳಿಸುವವರು ಒಂದು ಮಾತು ನೆನಪಿಡಿ: ಈ ಕುಲದ ಜಾತಿಗಳು ಒಂದಕ್ಕೊಂದು ಸುಲಭವಾಗಿ ಬೆರೆಯುತ್ತವೆ. ಸಾಮಾನ್ಯ ಜಾತಿಯ ಪಕ್ಕದಲ್ಲೇ ಬೆಳೆಸಿದರೆ ಬೀಜದ ಸಸಿ ಬೆರಕೆಯಾಗಬಹುದು.

ತುಕ್ಕಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪುಕ್ಸೀನಿಯಾ ಆಂಟಿರೈನಿ ಅನ್ನುವ ಶಿಲೀಂಧ್ರದ ಕೆಲಸ ಇದು. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಹಬ್ಬುತ್ತದೆ. ಒಂದೇ ಗಿಡವನ್ನು ವರ್ಷಗಟ್ಟಲೆ ಉಳಿಸುವವರಿಗೆ ಇದರ ಕಾಟ ಜಾಸ್ತಿ, ಯಾಕೆಂದರೆ ರೋಗವೂ ಗಿಡದ ಜೊತೆಗೇ ಉಳಿದುಕೊಳ್ಳುತ್ತದೆ. ನೀರನ್ನು ಬುಡಕ್ಕೆ ಮಾತ್ರ, ಬೆಳಗಿನ ಹೊತ್ತಿನಲ್ಲಿ ಹಾಕಬೇಕು. ಗಿಡಗಳ ನಡುವೆ ಗಾಳಿ ಆಡಬೇಕು. ಗುಳ್ಳೆ ಕಂಡ ಎಲೆಗಳನ್ನು ತೆಗೆದು ಆಚೆ ಸಾಗಿಸಬೇಕು, ಕಾಂಪೋಸ್ಟಿಗೆ ಬೇಡ. ಕಟಿಂಗನ್ನೂ ಶುದ್ಧವಾದ ಗಿಡದಿಂದಲೇ ತೆಗೆಯಿರಿ.

ಮೂರನೆಯದು ಆಂಟಿರೈನಮ್ ಹಿಸ್ಪಾನಿಕಮ್. ಇದೂ ಸ್ಪೇನಿನದೇ, ಒಣ ಬಂಡೆ ಜಾಗದ್ದು. ಬೂದು ಹಸಿರಿನ ಅಂಟಂಟಾದ ಎಲೆ, ಚಿಕ್ಕ ಗುಲಾಬಿ ಅಥವಾ ಬಿಳಿ ಹೂ. ಕಲ್ಲುಕಟ್ಟೆಯ ಬಿಸಿಲು ಬದಿಯಲ್ಲಿ ಚೆನ್ನಾಗಿ ಬಂತು, ಕುಂಡದಲ್ಲಿ ನೀರು ಸ್ವಲ್ಪ ಹೆಚ್ಚಾದರೂ ಸೊರಗಿತು. ಕಲ್ಲಿನ ತೋಟ ಇಲ್ಲದವರಿಗೆ ಇದನ್ನು ಹೇಳಲಾರೆ.

ಕಲ್ಲುಕಟ್ಟೆಯ ನೆರಳು ಬದಿಗೆ ಹಾಕಿದ್ದು ಅಸರೀನಾ ಪ್ರೊಕಂಬೆನ್ಸ್, ಅಂದರೆ ತೆವಳುವ ಸ್ನ್ಯಾಪ್‌ಡ್ರ್ಯಾಗನ್. ಗಿಡಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ತಂದ ಲಿನೇಯಸ್ ಇದನ್ನು ಆಂಟಿರೈನಮ್ ಕುಲದಲ್ಲೇ ಸೇರಿಸಿದ್ದ, ಈಗ ಬೇರೆ ಕುಲ. ನೋಡಲು ಹೂ ಮಾತ್ರ ಅದೇ: ಕೆನೆಹಳದಿ ಮೈ, ಬಾಯಿಯ ಬಳಿ ಗಾಢ ಹಳದಿ. ಎತ್ತರ 10 ಸೆಂಟಿಮೀಟರ್ ಮೀರದು, ಅಗಲಕ್ಕೆ ಅರ್ಧ ಮೀಟರ್‌ ಆಸುಪಾಸು ಹರಡುತ್ತದೆ. ಉಳಿದವೆಲ್ಲ ಬಿಸಿಲು ಬೇಡಿದರೆ ಇದಕ್ಕೆ ಅರೆನೆರಳು ಬೇಕು, ಸುಡು ಬಿಸಿಲಿಗೆ ಎಲೆ ಕರಕಲಾಗುತ್ತದೆ. ಕಾಂಡ ಬಲು ಪೆಳಸು, ಓಡಾಡುವ ದಾರಿಯ ಪಕ್ಕ ಹಾಕಬೇಡಿ. ಹೂವಿನ ರಾಶಿ ಇರುವುದಿಲ್ಲ, ಎಲೆಯ ಬುಡದಲ್ಲಿ ಒಂದೊಂದೇ ಹೂ. ಗಿಡದ ಆಯಸ್ಸು ಇಲ್ಲೂ ದೊಡ್ಡದಲ್ಲ. ಆದರೆ ಕಲ್ಲಿನ ಸಂದಿಯಲ್ಲಿ ತಾನೇ ಬೀಜ ಬಿದ್ದು ಹುಟ್ಟುವುದರಿಂದ ಜಾಗ ಖಾಲಿಯಾಗಲಿಲ್ಲ. ಕೈ ಹಾಕದೆ ಬಿಡುವ ಜಾಗಕ್ಕೆ ನನ್ನ ಮೊದಲ ಆಯ್ಕೆ ಇದೇ.

ಐದನೆಯದಾದ ಏಂಜೆಲೋನಿಯಾ ನಿಜವಾದ ಸ್ನ್ಯಾಪ್‌ಡ್ರ್ಯಾಗನ್ ಅಲ್ಲ. ಒಂದೇ ಕುಟುಂಬ, ಆದರೆ ತವರು ಮೆಕ್ಸಿಕೋ ಮತ್ತು ವೆಸ್ಟ್ ಇಂಡೀಸ್. ಬೇಸಿಗೆ ಸ್ನ್ಯಾಪ್‌ಡ್ರ್ಯಾಗನ್ ಅಂತ ಮಾರುವುದು ಇದನ್ನೇ. ಇವೆರಡರ ಸ್ವಭಾವ ಎದುರುಬದುರು. ಸಾಮಾನ್ಯ ಜಾತಿ ಮೈನಸ್ 5 ಡಿಗ್ರಿ ಹತ್ತಿರದ ಚಳಿಯನ್ನೂ ತಡೆಯಬಲ್ಲದು, ಬಿಸಿಲು 30 ಡಿಗ್ರಿ ದಾಟಿ ಹಾಗೇ ನಿಂತರೆ ಮೊಗ್ಗು ನಿಲ್ಲಿಸಿಬಿಡುತ್ತದೆ. ಏಂಜೆಲೋನಿಯಾ ಅಂಥ ಬಿಸಿಲಿನಲ್ಲೇ ಅರಳುತ್ತದೆ, ಹಿಮ ಬಿದ್ದರೆ ಸಾಯುತ್ತದೆ. ಬಾಡಿದ ಹೂ ತೆಗೆಯುವ ಕೆಲಸವೂ ಇಲ್ಲ. ಹಿಮ ಬೀಳದ ಕಡೆ ಇದು ಸುಲಭವಾಗಿ ವರ್ಷ ದಾಟುತ್ತದೆ. ಬಣ್ಣ ಮಾತ್ರ ನೇರಳೆ, ಗುಲಾಬಿ, ಬಿಳಿಯ ಸುತ್ತಲೇ. ಹಳದಿ, ಕಿತ್ತಳೆ ಬೇಕೆಂದರೆ ಸಾಮಾನ್ಯ ಜಾತಿಗೇ ಬರಬೇಕು.

ಬಿಸಿಲು ಜೋರಿರುವ ತೋಟದಲ್ಲಿ ಇವೆರಡನ್ನೂ ಒಂದೇ ಮಡಿಯಲ್ಲಿ ಹಾಕುವುದು ನನಗೆ ಒಗ್ಗಿದೆ. ಸೆಕೆ ಶುರುವಾಗುವಾಗ ಸಾನೆಟ್‌ಗಳನ್ನು ಕತ್ತರಿಸಿ, ಮಧ್ಯಾಹ್ನದ ಹೊತ್ತಿಗೆ ನೆರಳು ಬೀಳುವಂತೆ ಮಾಡಿ, ಬುಡಕ್ಕೆ ಒಣ ಎಲೆಯ ಹೊದಿಕೆ ಹಾಕುತ್ತೇನೆ. ಹೊದಿಕೆ ಕಾಂಡಕ್ಕೆ ತಾಗಬಾರದು, ಎರಡು ಬೆರಳು ಜಾಗ ಬಿಡಿ. ಅವು ಸುಮ್ಮನಿರುವ ತಿಂಗಳುಗಳಲ್ಲಿ ಏಂಜೆಲೋನಿಯಾ ಮಡಿ ತುಂಬುತ್ತದೆ. ಈ ಹೊತ್ತಿನಲ್ಲಿ ಸಾನೆಟ್‌ಗೆ ಗೊಬ್ಬರ ಕೊಡಬೇಡಿ, ಚಿಗುರು ಮೃದುವಾಗಿ ಗಿಡಹೇನು ಮುತ್ತುತ್ತದೆ. ರಾತ್ರಿಗಳು ತಂಪಾದ ಮೇಲೆ ಬುಡದಲ್ಲಿ ಹೊಸ ಹಸಿರು ಕಂಡಾಗ ಕೊಟ್ಟರೆ ಸಾಕು.