ಬಂದೂಕು ಕಾನೂನಿನ ಚರ್ಚೆಗೆ ಯಾವ ಅಂಕಿ ಹಿಡಿಯಬೇಕು?

ಅಮೆರಿಕ, ಬ್ರಿಟನ್ ಹೋಲಿಸುವವರ ಕೈಗೆ ಮೊದಲು ಸಿಗುವುದು ‘ಹಿಂಸಾತ್ಮಕ ಅಪರಾಧ’ದ ದರ. ಅದನ್ನು ಬಿಟ್ಟುಬಿಡಿ. ಎಫ್‌ಬಿಐ ಲೆಕ್ಕದಲ್ಲಿ ಬರುವುದು ಕೊಲೆ, ಅತ್ಯಾಚಾರ, ದರೋಡೆ, ಗಂಭೀರ ಹಲ್ಲೆ ಮಾತ್ರ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಾಯವಾಗದ ಹಲ್ಲೆ, ಕಿರುಕುಳವೂ ಹಿಂಸೆಯ ಪಟ್ಟಿಗೆ ಸೇರುತ್ತವೆ. ಅಳತೆಗೋಲೇ ಬೇರೆಯಾದ ಮೇಲೆ ಹೋಲಿಕೆ ಎಲ್ಲಿಂದ ಬಂತು?

ಬಂದೂಕಿನಿಂದಾದ ಒಟ್ಟು ಸಾವು ಇನ್ನೊಂದು ಆಯ್ಕೆ. 2021ರಲ್ಲಿ ಅಮೆರಿಕದಲ್ಲಿ 48,830 ಸಾವು. ಅದರಲ್ಲಿ 26,328 ಆತ್ಮಹತ್ಯೆ. ನಿಮ್ಮ ಪ್ರಶ್ನೆ ಆತ್ಮಹತ್ಯೆ ತಡೆಯ ಬಗ್ಗೆಯಾದರೆ ಸರಿ, ಅಪರಾಧದ ಬಗ್ಗೆಯಾದರೆ ಇದು ದಾರಿ ತಪ್ಪಿಸುತ್ತದೆ.

ನನ್ನ ಮತ ಒಂದು ಲಕ್ಷ ಜನಕ್ಕೆ ಎಷ್ಟು ಕೊಲೆ ಎಂಬುದಕ್ಕೆ. ಹಲ್ಲೆಯನ್ನು ಪೊಲೀಸರಿಗೆ ಹೇಳದೆ ಇರಬಹುದು, ಹೆಣ ಮುಚ್ಚಿಡುವುದು ಕಷ್ಟ. ಅಮೆರಿಕದಲ್ಲಿ 2021ರಲ್ಲಿ ಇದು ಸುಮಾರು 6.8, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹೆಚ್ಚುಕಡಿಮೆ 1. ಬಂದೂಕಿನ ಕೊಲೆಯಷ್ಟನ್ನೇ ಎಣಿಸಬೇಡಿ. ಬಂದೂಕು ಸಿಗದವನು ಚಾಕು ಹಿಡಿದನೋ ಇಲ್ಲವೋ ಎಂಬುದು ಒಟ್ಟು ಕೊಲೆಯಲ್ಲೇ ಗೊತ್ತಾಗುವುದು.

ಇಲ್ಲೂ ಒಂದು ಗುಂಡಿ ಇದೆ: ಇಂಗ್ಲೆಂಡಿನಲ್ಲಿ ಕೊಲೆ ಸೇರುವುದು ಪೊಲೀಸರು ದಾಖಲಿಸಿದ ವರ್ಷಕ್ಕೆ. ವೈದ್ಯ ಹೆರಾಲ್ಡ್ ಶಿಪ್‌ಮನ್ ಹಿಂದಿನ ದಶಕಗಳಲ್ಲಿ ಮಾಡಿದ 172 ಕೊಲೆಗಳು 2002–03ರ ಲೆಕ್ಕದಲ್ಲಿವೆ. ಒಂದೇ ವರ್ಷ ನೋಡದೆ 5 ವರ್ಷಗಳ ಸರಾಸರಿ ತೆಗೆಯಿರಿ, ಇಂಥ ಗುಡ್ಡೆಯನ್ನು ಹೊರಗಿಟ್ಟು.