ಎಐಎಸ್ ಆ್ಯಪ್: ಮೇಷ್ಟ್ರ ಡಿವಿಡೆಂಡ್ ಕಾಣುತ್ತದೆ, ದೊಡ್ಡವರ ತೋಟ ಕಾಣುವುದಿಲ್ಲ

ಸ್ಟಾರ್: ಐದಕ್ಕೆ ಮೂರು

ನಾನು ಸಾಗರದ ಕಡೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮನೆಯವರ ರಿಟರ್ನ್ ಎಲ್ಲಾ ನಾನೇ ತುಂಬುತ್ತೇನೆ. ಆದಾಯ ತೆರಿಗೆ ಇಲಾಖೆಯ ಎಐಎಸ್ (ವಾರ್ಷಿಕ ಮಾಹಿತಿ ಪಟ್ಟಿ) 2021ರ ನವೆಂಬರ್‌ನಲ್ಲಿ ಶುರುವಾಯಿತು, ಆಮೇಲೆ ಮೊಬೈಲ್ ಆ್ಯಪ್ ಕೂಡ ಬಂತು. ವರ್ಷವಿಡೀ ನಮ್ಮ ಪ್ಯಾನ್ ನಂಬರಿಗೆ ಎಲ್ಲಿಂದ ಏನು ಬಂತು ಅನ್ನುವ ಪಟ್ಟಿ ಇದು. ಪಿಡಿಎಫ್ ಪಾಸ್‌ವರ್ಡ್ ಸುಲಭ: ಪ್ಯಾನ್ ಸಣ್ಣ ಅಕ್ಷರದಲ್ಲಿ, ಬೆನ್ನಿಗೇ ಹುಟ್ಟಿದ ದಿನಾಂಕ.

ಕೆಲಸ ಮಾತ್ರ ಅಚ್ಚುಕಟ್ಟು. ಪಿಂಚಣಿ, ಎಫ್‌ಡಿ ಬಡ್ಡಿ ಇರಲಿ, ಯಾವತ್ತೋ ಕೊಂಡು ಮರೆತ ಷೇರಿನ 38 ರೂಪಾಯಿ ಡಿವಿಡೆಂಡೂ ಅಲ್ಲಿ ಕೂತಿದೆ! ತಪ್ಪಿದ್ದರೆ ಆ ಸಾಲಿನ ಮೇಲೇ ಒತ್ತಿ ತಿಳಿಸಬಹುದು.

ಮತ್ತೆ ಎರಡು ಸ್ಟಾರ್ ಯಾಕೆ ಕಡಿಮೆ ಅಂದರೆ, ಬೇರೆಯವರು ವರದಿ ಮಾಡಿದ್ದಷ್ಟೇ ಇದಕ್ಕೆ ಗೊತ್ತು. 30 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯ ಸೈಟು ನೋಂದಣಿಯಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ವಿವರ ಹೋಗುತ್ತದೆ. ಅದೂ ಕ್ರಯಪತ್ರದಲ್ಲಿ ಬರೆದ ಮೊತ್ತ. ಚೀಲದಲ್ಲಿ ಕೈ ಬದಲಾದ ದುಡ್ಡನ್ನು ಯಾರು ವರದಿ ಮಾಡುತ್ತಾರೆ?

ಇನ್ನು ಕೃಷಿ ಆದಾಯ. ಎಷ್ಟೇ ಇರಲಿ, ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಎರಡೆಕರೆ ಅಡಿಕೆ ಇಟ್ಟುಕೊಂಡು ಕೊಳೆ ರೋಗದ ಜೊತೆ ಗುದ್ದಾಡುವವರಿಗೆ ಈ ವಿನಾಯಿತಿ ಬೇಕೇ ಬೇಕು. ಆದರೆ ಬೇರೆ ವ್ಯವಹಾರದ ಕೋಟಿಗಳನ್ನು ತೋಟದ ಫಸಲು ಅಂತ ತೋರಿಸುವವರಿಗೂ ಅದೇ ಬಾಗಿಲು, ಅಲ್ವಾ? 5 ಲಕ್ಷ ದಾಟಿದರೆ ರಿಟರ್ನ್‌ನಲ್ಲಿ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಷ್ಟೆಕರೆ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲಾ ಬರೆಯಬೇಕು. ಬರೆದದ್ದನ್ನು ನೋಡುವವರು ಬೇಕಲ್ಲ! ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿ 2019ರ ವರದಿಯಲ್ಲಿ ಇಂಥ 6,778 ಪ್ರಕರಣ ಪರಿಶೀಲಿಸಿತು. 1,527ರಲ್ಲಿ ದಾಖಲೆ ಸರಿಯಾಗಿ ನೋಡದೆಯೇ ವಿನಾಯಿತಿ ಕೊಟ್ಟಿದ್ದರು. ಅವೇನು ಸುಮ್ನೆ ಮೂಲೆಯಲ್ಲಿದ್ದ ಫೈಲುಗಳಲ್ಲ, ಸ್ಕ್ರೂಟಿನಿಗೆ, ಅಂದರೆ ಇಲಾಖೆ ಕೂಲಂಕಷವಾಗಿ ಪರಿಶೀಲಿಸಲು ಅಂತಲೇ ತೆಗೆದವು.

ನಮ್ಮ ರಾಜ್ಯದ ಪಹಣಿ ಎಲ್ಲಾ 'ಭೂಮಿ' ತಂತ್ರಾಂಶದಲ್ಲಿದೆ, ಬೆಳೆಯ ಕಾಲಂ ಸಮೇತ. ಎಪಿಎಂಸಿಯಲ್ಲಿ ಮಾರಿದ್ದಕ್ಕೂ ಲೆಕ್ಕ ಇರುತ್ತದೆ. 38 ರೂಪಾಯಿ ಹುಡುಕುವ ಆ್ಯಪ್‌ಗೆ ಇವೆರಡನ್ನೂ ಜೋಡಿಸಿ, ಉಳಿದ ಎರಡು ಸ್ಟಾರ್ ಅವತ್ತೇ ಕೊಡುತ್ತೇನೆ.

ಪಿಂಚಣಿದಾರರಿಗೆ ಒಂದು ಮಾತು: ಜೂನ್ ಮಧ್ಯದ ಮೇಲೆ ಇಳಿಸಿಕೊಳ್ಳಿ. ಬ್ಯಾಂಕಿನವರು ವಿವರ ಕಳಿಸಲು ಮೇ 31ರ ತನಕ ಗಡುವಿದೆ, ಮುಂಚೆ ತೆಗೆದರೆ ಪಟ್ಟಿ ಅರ್ಧಂಬರ್ಧ ಇರುತ್ತದೆ.