ಕಾರ್ಬುರೇಟರ್ ಬಿಚ್ಚುವ ಮೊದಲು ಬಲ್ಬ್ ಹಿಸುಕಿ ನೋಡಿ

ನಾಡದೋಣಿಯ ಒಂದು 9.9 ಎಚ್‌ಪಿ ಟೂ ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ ಮಳೆಗಾಲದ ಮೀನುಗಾರಿಕೆ ಜೋರಾಗಿದ್ದಾಗಲೇ ಸೀಜ್ ಆಯಿತು, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡಿತು. ನಿಜವಾಗಿ ಕೆಟ್ಟಿದ್ದು ಪೆಟ್ರೋಲ್ ಪೈಪನ್ನು ಟ್ಯಾಂಕಿಗೆ ಸಿಕ್ಕಿಸುವ ಕನೆಕ್ಟರ್‌ನೊಳಗಿನ ಓ-ರಿಂಗ್ ಎಂಬ ರಬ್ಬರ್ ಬಳೆ. ಅದರ ಬೆಲೆ ಒಂದು ಪ್ಲೇಟ್ ಬನ್ಸ್‌ಗಿಂತ ಹೆಚ್ಚಿರಲಿಕ್ಕಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿ ಆಗಿತ್ತು.

ದಡದಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್, ಹೊಳೆಯಲ್ಲಿ ನಿಧಾನ ಹೋಗುವಾಗ ಏನೂ ತೊಂದರೆಯಿಲ್ಲ. ಅಳಿವೆ ಹತ್ತಿರ ಪೂರ್ತಿ ಥ್ರಾಟಲ್ ಕೊಟ್ಟು ಎರಡು ಮೂರು ನಿಮಿಷಕ್ಕೆ ಇಂಜಿನ್ ಸೊರಗಿ, ಕೆಮ್ಮಿ, ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ಕಾರ್ಬುರೇಟರ್ ಬಟ್ಟಲಿನಲ್ಲಿ ತುಂಬಿದ್ದ ಎಣ್ಣೆ (ಇಲ್ಲಿ ಎಣ್ಣೆ ಎಂದರೆ ಇಂಧನ) ಖಾಲಿಯಾಗುವವರೆಗೆ ಓಡಿ, ಹಿಂದಿನಿಂದ ಅಷ್ಟೇ ವೇಗದಲ್ಲಿ ಎಣ್ಣೆ ಬಾರದಿದ್ದರೆ ಇಂಜಿನ್ ನಡೆದುಕೊಳ್ಳುವುದು ಹೀಗೆಯೇ. ಆದರೆ ಮೊದಲು ಪ್ಲಗ್ ಬದಲಾಯಿತು, ಆಮೇಲೆ ಕಾಯಿಲ್, ಆಮೇಲೆ ಎರಡು ಸಲ ಕಾರ್ಬುರೇಟರ್ ಬಿಚ್ಚಿ ಜೆಟ್‌ನ (ಎಣ್ಣೆ ಹಾಯುವ ಸಣ್ಣ ಹಿತ್ತಾಳೆ ತುಂಡು) ತೂತನ್ನು ತಂತಿಯಿಂದ ಕೆರೆದರು. (ತಂತಿ ಹಾಕಲೇಬಾರದು. ಹಿತ್ತಾಳೆ ಮೆತ್ತಗಿನ ಲೋಹ, ತೂತು ದೊಡ್ಡದಾದರೆ ಆ ಜೆಟ್ ಮುಗಿಯಿತು. ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು.) ಕೊನೆಗೆ ಒಬ್ಬರು ಬಲ್ಬ್ (ಟ್ಯಾಂಕಿನಿಂದ ಇಂಜಿನ್ನಿಗೆ ಹೋಗುವ ಪೈಪಿನ ನಡುವೆ ಇರುವ, ಕೈಯಿಂದ ಹಿಸುಕಿ ಎಣ್ಣೆ ತಳ್ಳುವ ರಬ್ಬರ್ ಉಂಡೆ) ಹಿಸುಕುತ್ತಲೇ ಕೂತು ದೋಣಿ ಓಡಿಸುವ ಉಪಾಯ ಕಂಡುಕೊಂಡರು. ನಾಲ್ಕೈದು ದಿನ ಹಾಗೆ ಓಡಿತು. ಇಂಜಿನ್ ಸತ್ತಿದ್ದು ಅಲ್ಲಿಯೇ. ಟೂ ಸ್ಟ್ರೋಕಿನಲ್ಲಿ ಆಯಿಲ್ ಬರುವುದು ಪೆಟ್ರೋಲ್ ಜೊತೆಗೇ. ಪೆಟ್ರೋಲ್ ಕಡಿಮೆಯಾದರೆ ಒಳಗೆ ಬಿಸಿ ಏರುತ್ತದೆ, ಜಾರುವ ಆಯಿಲೂ ಕಡಿಮೆಯಾಗುತ್ತದೆ, ಅಲ್ಯೂಮಿನಿಯಂ ಪಿಸ್ಟನ್ ಉಬ್ಬಿ ಸಿಲಿಂಡರ್ ಗೋಡೆಯನ್ನು ಗೀರುತ್ತದೆ. ಬಿಚ್ಚಿದಾಗ ಪ್ಲಗ್‌ನ ತುದಿ ಸುಣ್ಣದಂತೆ ಬಿಳಿ. ಬಿಸ್ಕತ್ತಿನ ಕಂದು ಇರಬೇಕಿತ್ತು.

ಬಲ್ಬ್ ನೋಡುವ ಕ್ರಮ ಹೀಗೆ. ಬಾಣದ ಗುರುತು ಇಂಜಿನ್ ಕಡೆಗಿರಲಿ. ಹಿಸುಕುವಾಗ ಬಾಣ ಮೇಲೆ ಬರುವಂತೆ ನೆಟ್ಟಗೆ ಹಿಡಿಯಿರಿ, ಒಳಗಿನ ವಾಲ್ವ್‌ಗಳು ಹಾಗಿದ್ದಾಗ ಸರಿಯಾಗಿ ಕೂರುತ್ತವೆ. ಸ್ಟಾರ್ಟ್ ಮಾಡುವ ಮೊದಲು ಕೆಲವೇ ಹಿಸುಕಿಗೆ ಬಲ್ಬ್ ಗಟ್ಟಿಯಾಗಬೇಕು, ಗಟ್ಟಿಯಾಗಿಯೇ ಇರಬೇಕು. ಓಡುವಾಗ ಅದು ಚಪ್ಪಟೆಯಾಗಿ ಒಳಕ್ಕೆ ಎಳೆದುಕೊಂಡರೆ ಟ್ಯಾಂಕ್ ಕಡೆ ಎಲ್ಲೋ ಕಟ್ಟಿದೆ. ಮೊದಲು ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ ನೋಡಿ, ನಗಬೇಡಿ, ಹೆಚ್ಚಿನ ಸಲ ಅದೇ. ಇಲ್ಲದಿದ್ದರೆ ಟ್ಯಾಂಕಿನೊಳಗಿನ ಎಳೆಯುವ ನಳಿಗೆಯ ಜಾಲರಿ, ಅಥವಾ ಹಳೆಯ ಪೈಪಿನ ಒಳಪದರ ಕಳಚಿ ದಾರಿಗೆ ಅಡ್ಡ ಬಂದಿರುತ್ತದೆ. ಎಷ್ಟು ಹಿಸುಕಿದರೂ ಮೆತ್ತಗೇ ಉಳಿದರೆ ಗಾಳಿ ಹಿಡಿದಿದೆ, ಇಲ್ಲವೇ ಬಲ್ಬ್‌ನ ವಾಲ್ವ್ ಹೋಗಿದೆ, ಇಲ್ಲವೇ ಕಾರ್ಬುರೇಟರ್‌ನ ಬಟ್ಟಲು ತುಂಬಿದಾಗ ಎಣ್ಣೆ ತಡೆಯುವ ಫ್ಲೋಟ್ ಸೂಜಿ ಕೂರದೆ ಎಣ್ಣೆ ಉಕ್ಕಿ ಹೋಗುತ್ತಿದೆ. ಬಲ್ಬ್ ಗಟ್ಟಿಯಿದ್ದೂ ಇಂಜಿನ್ ಸೊರಗಿದರೆ ಮಾತ್ರ ಕಾರ್ಬುರೇಟರ್ ಕಡೆ ಕೈ ಹಾಕಿ.

ಗಾಳಿ ಹಿಡಿಯುವುದು ಕಣ್ಣಿಗೆ ಬೀಳುವುದಿಲ್ಲ. ಇಂಜಿನ್‌ನ ಪಂಪು ಎಣ್ಣೆಯನ್ನು ಹೀರುತ್ತದೆ, ಹಾಗಾಗಿ ಸಡಿಲ ಜೋಡಣೆಯಲ್ಲಿ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಎಣ್ಣೆ ಹೊರಗೆ ತೊಟ್ಟಿಕ್ಕುವುದಿಲ್ಲ. ಬಲ್ಬ್ ಹಿಸುಕಿದಾಗ ಒತ್ತಡ ಬೀಳುವುದೂ ಇಂಜಿನ್ ಕಡೆಯ ಪೈಪಿಗೆ ಮಾತ್ರ. ಆ ಕಡೆಯ ಕ್ಲಿಪ್‌ಗಳನ್ನು ಒಣ ಬಟ್ಟೆಯಿಂದ ಒರೆಸಿ, ಹಿಸುಕಿ, ಒದ್ದೆಯಾಗುತ್ತದೆಯೇ ನೋಡಬಹುದು. ಟ್ಯಾಂಕ್ ಕಡೆಗೆ ಈ ಪರೀಕ್ಷೆ ನಡೆಯುವುದಿಲ್ಲ. ಅದಕ್ಕೆ ಬಲ್ಬ್ ಮತ್ತು ಇಂಜಿನ್ ನಡುವೆ ಒಂದಡಿ ಪಾರದರ್ಶಕ ಪೈಪು ಹಾಕಿ ಓಡಿಸಿ. ಗುಳ್ಳೆಗಳ ಸಾಲು ಕಂಡರೆ ಒಂದೊಂದೇ ಜೋಡಣೆಯ ಸುತ್ತ ದಪ್ಪಗೆ ಗ್ರೀಸ್ ಬಳಿಯುತ್ತ ಹೋಗಿ. ಯಾವುದಕ್ಕೆ ಬಳಿದಾಗ ಗುಳ್ಳೆ ನಿಲ್ಲುತ್ತದೋ ಕಳ್ಳ ಅಲ್ಲಿ. ಮೇಲೆ ಹೇಳಿದ ಓ-ರಿಂಗ್ ಕೊನೆಗೆ ಸಿಕ್ಕಿದ್ದು ಹೀಗೆ: ಒಂದು ಬದಿ ಸೀಳಿತ್ತು, ಉಗುರಿನಿಂದ ಒತ್ತಿದರೆ ಪುಡಿಯಾಗುವಷ್ಟು ಗಡುಸಾಗಿತ್ತು. ಪರೀಕ್ಷೆಯ ಆ ಪಾರದರ್ಶಕ ಪೈಪನ್ನು ಅಲ್ಲೇ ಬಿಟ್ಟುಬಿಡಬೇಡಿ. ಪೆಟ್ರೋಲ್ ತಾಗಿ ತಿಂಗಳಲ್ಲಿ ಕಡ್ಡಿಯಂತಾಗುತ್ತದೆ. ಇನ್ನೂ ಬೇಗ ತಿಳಿಯಬೇಕಿದ್ದರೆ ಪಕ್ಕದ ದೋಣಿಯ ಟ್ಯಾಂಕು, ಪೈಪು ಸಮೇತ ತಂದು ಸಿಕ್ಕಿಸಿ ಓಡಿಸಿ. ಸರಿಯಾಗಿ ಓಡಿದರೆ ನಿಮ್ಮ ಇಂಜಿನ್‌ಗೆ ಏನೂ ಆಗಿಲ್ಲ.

ಬಲ್ಬ್ ಹಿಸುಕಿದಾಗ ಮಾತ್ರ ಇಂಜಿನ್ ಏಳುತ್ತದೆ, ಆದರೆ ಗುಳ್ಳೆಯೂ ಇಲ್ಲ, ಬಲ್ಬ್ ಚಪ್ಪಟೆಯೂ ಆಗುವುದಿಲ್ಲ ಎಂದರೆ ಪಂಪಿನ ಡಯಾಫ್ರಂ (ಎಣ್ಣೆ ತಳ್ಳುವ ತೆಳು ಪೊರೆ) ಅನುಮಾನಿಸಿ. ಬೆಳಕಿಗೆ ಹಿಡಿದರೆ ಸೂಜಿಮೊನೆಯಷ್ಟು ತೂತು ಕಾಣಬಹುದು. ಗ್ಯಾಸ್ಕೆಟ್ ಸಮೇತ ಕಿಟ್ ಹಾಕಿ, ಹಳೆಯ ಗ್ಯಾಸ್ಕೆಟ್‌ಗೆ ಗಮ್ ಬಳಿದು ಕೂರಿಸಬೇಡಿ.

ಇನ್ನು ನೀರು. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲ್‌ನಲ್ಲಿ 20% ಎಥನಾಲ್ ಇದೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ಮಿತಿ ಮೀರಿದರೆ ನೀರು, ಎಥನಾಲ್ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ, ನಳಿಗೆ ಎಳೆಯುವುದು ತಳದಿಂದಲೇ. ಆ ಪದರದಲ್ಲಿ ಟೂ ಸ್ಟ್ರೋಕ್ ಆಯಿಲ್ ಇರುವುದಿಲ್ಲ ಎನ್ನುವುದೇ ದೊಡ್ಡ ಅಪಾಯ. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಗಾಜಿನ ಬಾಟಲಿಗೆ ತೆಗೆದು 20 ನಿಮಿಷ ಅಲ್ಲಾಡಿಸದೆ ಇಡಿ. ಗೆರೆ ಕಂಡರೆ ಇಡೀ ಟ್ಯಾಂಕಿನದ್ದನ್ನು ಹೊರಗೆ ತೆಗೆದಿಡಿ. ಸೋಸಿ ಉಪಯೋಗಿಸುವ ಆಸೆ ಬೇಡ. ಮಿಶ್ರಣ ಕಲಸುವಾಗ ನಿಮ್ಮ ಇಂಜಿನ್ ಪುಸ್ತಕದ ಲೆಕ್ಕ ನೋಡಿ. 50:1 (50 ಪಾಲು ಪೆಟ್ರೋಲಿಗೆ 1 ಪಾಲು ಆಯಿಲ್) ಎಂದಿದ್ದರೆ ಲೀಟರಿಗೆ 20 ಮಿಲಿ ಆಯಿಲ್, 24 ಲೀಟರ್ ಟ್ಯಾಂಕಿಗೆ 480 ಮಿಲಿ. ಕಣ್ಣಂದಾಜು ಬೇಡ.

ಸೀಮೆಎಣ್ಣೆ ಇಂಜಿನ್‌ನವರು ನಿಲ್ಲಿಸುವ ಮೊದಲು ಎಣ್ಣೆ ಬದಲಿಸುವ ಕಾಕ್ ತಿರುಗಿಸಿ ಪೆಟ್ರೋಲ್‌ನಲ್ಲಿ ಸ್ವಲ್ಪ ಹೊತ್ತು ಓಡಿಸಿ, ಬಟ್ಟಲಿನ ಸೀಮೆಎಣ್ಣೆ ಖಾಲಿಯಾಗಲಿ. ಮರುದಿನ ಸ್ಟಾರ್ಟ್ ಆಗದೆ ಕೈ ಸೋತು, ಪಂಪು ಕೆಟ್ಟಿದೆ ಎಂದುಕೊಳ್ಳುವುದು ಅರ್ಧ ಇದರಿಂದಲೇ. ಕಾಕ್‌ನ ಸೀಲ್ ಸವೆದಿದ್ದರೂ ಗಾಳಿ ಹಿಡಿಯುತ್ತದೆ, ಗ್ರೀಸ್ ಪರೀಕ್ಷೆಯಲ್ಲಿ ಅದನ್ನು ಮರೆಯಬೇಡಿ.

ರಿಪೇರಿ ಆದಮೇಲೆ ಡ್ರಮ್ಮಿನ ನೀರಿನಲ್ಲಿ ಓಡಿಸಿ ನೋಡಿದ್ದನ್ನು ಪರೀಕ್ಷೆ ಎಂದು ತಿಳಿಯಬೇಡಿ. ಭಾರ ಬೀಳದೆ ಎಣ್ಣೆಯ ಕೊರತೆ ಗೊತ್ತಾಗುವುದಿಲ್ಲ. ಅಳಿವೆ ದಾಟುವ ಮೊದಲು ಒಳಗಿನ ಹೊಳೆಯಲ್ಲೇ, ಲಂಗರು ಕೈಗೆ ಸಿಗುವಂತೆ ಇಟ್ಟುಕೊಂಡು, ಹತ್ತು ನಿಮಿಷ ಪೂರ್ತಿ ಥ್ರಾಟಲ್‌ನಲ್ಲಿ ಓಡಿಸಿ. ಅಷ್ಟು ಹೊತ್ತೂ ಒಬ್ಬರ ಕಣ್ಣು ಬಲ್ಬ್ ಮೇಲಿರಲಿ. ಮುಟ್ಟದೆ, ಹಿಸುಕದೆ.